ಗೆಳೆಯನೊಡನೆ ವಿಯೆಟ್ನಾಂ ಸೈಕಲ್ ಪ್ರವಾಸ: ಬಳ್ಳಾರಿಯಲ್ಲೇ ನಡೆಸಬೇಕಾದ ಸಿದ್ಧತೆ

ವಿಯೆಟ್ನಾಂನ ಹ್ಯೂ ನಗರದಿಂದ ದಾನಾಂಗ್‌ವರೆಗೆ ಸೈಕಲ್ ತುಳಿಯುವವರು, ದಾರಿಯಲ್ಲಿನ ಹೈವಾನ್ ಘಟ್ಟದಡಿಯ ಸುರಂಗದೊಳಗೆ ಸೈಕಲ್ ಸವಾರಿಗೆ ಅವಕಾಶವಿಲ್ಲದ ಕಾರಣ, ಸುಮಾರು 500 ಮೀಟರ್ ಎತ್ತರದ ಆ ಘಟ್ಟವನ್ನು ಹತ್ತಬೇಕಾಗುತ್ತದೆ. ಆದ್ದರಿಂದ ಬಳ್ಳಾರಿಯ ಗೆಳೆಯರಿಬ್ಬರು ಪ್ರವಾಸಕ್ಕೆ ಒಯ್ಯುವಷ್ಟೇ ಸಾಮಾನು ಹೇರಿಕೊಂಡು ಸಂಡೂರಿನ ಏರುಗಳಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು. ಅದಿರು ಲಾರಿಗಳ ಕಾಟವಿರುವುದರಿಂದ ಬೆಳಕು ಹರಿಯುತ್ತಲೇ ಹೊರಡಬೇಕು. ಮುಂದೆ ಹೋದವರು ಎಲ್ಲಿ ನಿಂತು ಕಾಯಬೇಕು, ಖರ್ಚನ್ನು ಯಾರು ಬರೆದಿಡಬೇಕು ಎಂಬುದನ್ನು ಊರಲ್ಲೇ ತೀರ್ಮಾನಿಸಿಕೊಳ್ಳಿ. ಏರಿಗಿಂತ ಲೆಕ್ಕದಿಂದಲೇ ಹೆಚ್ಚು ಮನಸ್ತಾಪ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ವಿಮಾನಕ್ಕಾಗಿ ಸೈಕಲನ್ನು ಪೆಟ್ಟಿಗೆಗೆ ಹಾಕುವಾಗ ಪೆಡಲ್ ಬಿಚ್ಚಬೇಕು: ಬಲಗಡೆಯದು ಎಂದಿನಂತೆ ಅಪ್ರದಕ್ಷಿಣವಾಗಿ ಸಡಿಲಗೊಳ್ಳುತ್ತದೆ, ಎಡಗಡೆಯದರ ತಿರುಪು ಉಲ್ಟಾ ಆಗಿರುವುದರಿಂದ ಅದನ್ನು ಪ್ರದಕ್ಷಿಣವಾಗಿ ತಿರುಗಿಸಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಸಾಗಬೇಕಾದ್ದರಿಂದ, ಹಿಂದಿನ ವಾಹನಗಳನ್ನು ನೋಡುವ ಕನ್ನಡಿಯನ್ನು ಹ್ಯಾಂಡಲ್‌ನ ಎಡಕ್ಕೆ ಹಾಕಿಸಿಕೊಳ್ಳಿ.