ಪದ್ಮಿನಿಗೆ ಪೆಟ್ರೋಲ್ ಸಿಗುತ್ತಿಲ್ವಾ? ಕಾರ್ಬೊರೇಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆಲ್ಲ ಈ ಕಾಟ ಗೊತ್ತು. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಊರೊಳಗೆ ಚೆನ್ನಾಗಿಯೇ ಓಡುತ್ತದೆ, ಹೈವೇಗೆ ಬಂದು ಆಕ್ಸಿಲರೇಟರ್ ಒತ್ತಿದ ಮೇಲೆ ಜಗ್ಗಿ ಜಗ್ಗಿ ನಿಂತುಬಿಡುತ್ತದೆ. ಬದಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಗ್ಯಾರೇಜಿಗೆ ಹೋದರೆ ಮೊದಲು ಕೈ ಹಾಕುವುದೇ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರಿಗೆ. ಬಿಚ್ಚುತ್ತಾರೆ, ತೊಳೆಯುತ್ತಾರೆ, ಸ್ಕ್ರೂ ತಿರುಗಿಸುತ್ತಾರೆ. ಎರಡು ದಿನಕ್ಕೆ ಅದೇ ಕಥೆ. ನಾನು ಹೇಳುವುದು ಇಷ್ಟೇ: ಕಾರ್ಬೊರೇಟರಿನ ಸರದಿ ಕೊನೆಗೆ ಬರಲಿ. ಮೊದಲು ಪೆಟ್ರೋಲ್ ಎಲ್ಲಿಯವರೆಗೆ ಬರುತ್ತಿದೆ ಅಂತ ನೋಡಿ.

ದಾರಿ ತುಂಬಾ ಸರಳ. ಹಿಂದೆ ಟ್ಯಾಂಕು, ಅಲ್ಲಿಂದ ಅಡಿಯಲ್ಲಿ ಲೋಹದ ಪೈಪು, ಮುಂದೆ ಸಣ್ಣ ರಬ್ಬರ್ ಪೈಪು, ಇಂಜಿನ್ನಿನ ಪಕ್ಕದಲ್ಲಿ ಕ್ಯಾಮ್‌ಶಾಫ್ಟ್ ನಡೆಸುವ ಮೆಕ್ಯಾನಿಕಲ್ ಪಂಪು, ಮೇಲೆ ಸೋಲೆಕ್ಸ್ ಕಾರ್ಬೊರೇಟರ್. ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. 1089 ಸಿಸಿ ಇಂಜಿನ್ ಕೇಳುವ ಪೆಟ್ರೋಲ್ ಕೂಡ ಜಾಸ್ತಿ ಅಲ್ಲ. ಪೆಟ್ರೋಲ್ ಅಂಬಾಸಿಡರ್ ಇರುವವರಿಗೂ ಕೆಳಗಿನದ್ದು ಹೆಚ್ಚುಕಡಿಮೆ ಹಾಗೇ ಅನ್ವಯಿಸುತ್ತದೆ.

ಶುರು ಮಾಡುವ ಮುಂಚೆ ಎಚ್ಚರ. ಇಂಜಿನ್ ತಣ್ಣಗಿರಲಿ, ಗಾಳಿ ಆಡುವ ಜಾಗ ಇರಲಿ, ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇರಲಿ, ಬೀಡಿ ಸಿಗರೇಟು ಹತ್ತಿರಕ್ಕೂ ಬರಬಾರದು. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯುವ ಹಳೆಯ ಅಭ್ಯಾಸ ದಯವಿಟ್ಟು ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.

ಮೊದಲ ಪ್ರಶ್ನೆ: ಇದು ನಿಜವಾಗಿಯೂ ಪೆಟ್ರೋಲ್ ತೊಂದರೆಯಾ? ಬಿಸಿಯಾದಾಗ ನಿಂತು ತಣ್ಣಗಾದಾಗ ಓಡುವ ಗಾಡಿಯಲ್ಲಿ ಎಷ್ಟೋ ಸಲ ಕಳ್ಳ ಬೇರೆಯವನೇ ಆಗಿರುತ್ತಾನೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಅಥವಾ ಆ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್. ಇದನ್ನು ಪತ್ತೆ ಮಾಡಲು ಗಾಡಿ ನಿಂತ ಜಾಗದಲ್ಲೇ ನೋಡಬೇಕು, ಮನೆಗೆ ಬಂದ ಮೇಲೆ ಅಲ್ಲ. ಇಂಜಿನ್ ಆಫ್ ಇಟ್ಟು ಏರ್ ಕ್ಲೀನರ್ ತೆಗೆಯಿರಿ, ಕಾರ್ಬೊರೇಟರಿನ ಗಂಟಲೊಳಗೆ ನೋಡುತ್ತಾ ಕೈಯಿಂದ ಥ್ರಾಟಲ್ ಒಮ್ಮೆ ಜೋರಾಗಿ ಎಳೆಯಿರಿ. ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು. ಚೆನ್ನಾಗಿ ಚಿಮ್ಮಿದರೆ ಫ್ಲೋಟ್ ಚೇಂಬರಿನಲ್ಲಿ, ಅಂದರೆ ಕಾರ್ಬೊರೇಟರಿನೊಳಗೆ ಪೆಟ್ರೋಲ್ ತುಂಬಿಕೊಳ್ಳುವ ಸಣ್ಣ ತೊಟ್ಟಿಯಲ್ಲಿ, ಪೆಟ್ರೋಲ್ ಇದೆ, ಹಾಗಾಗಿ ಮೊದಲು ಸ್ಪಾರ್ಕ್ ಕಡೆ ನೋಡಿ. ಒಣಗಿದ್ದರೆ ಹೆಚ್ಚಾಗಿ ಪೆಟ್ರೋಲ್ ಬರುತ್ತಿಲ್ಲ ಅಂತಲೇ ಅರ್ಥ.

ಈಗ ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ, ತುದಿಯನ್ನು ಪೆಟ್ರೋಲ್ ತಡೆಯುವ ಕ್ಯಾನಿನೊಳಗೆ ಇಳಿಸಿ. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ವೈರನ್ನು ಬಿಚ್ಚಿ ಗಾಡಿಯ ಲೋಹದ ಮೈಗೆ ಗಟ್ಟಿಯಾಗಿ ಅರ್ತ್ ಮಾಡಿ, ಕಿಡಿ ಹಾರಬಾರದು. ಒಬ್ಬರು ಸೆಲ್ಫ್ ಹೊಡೆಯಲಿ, ನೀವು ನೋಡಿ. ಪಂಪು ಆರೋಗ್ಯವಾಗಿದ್ದರೆ ತಡೆತಡೆದು, ಆದರೆ ಪ್ರತಿ ಸಲವೂ ಗಟ್ಟಿ ಧಾರೆಯಾಗಿ ಬರುತ್ತದೆ. ತೊಟ್ಟಿಕ್ಕಿದರೆ ಅಥವಾ ಗುಳ್ಳೆ ಗುಳ್ಳೆಯಾಗಿ ಬಂದರೆ ತೊಂದರೆ ಪಂಪಿನಲ್ಲಿ ಇಲ್ಲವೇ ಅದರ ಹಿಂದೆ. ಗಟ್ಟಿಯಾಗಿ ಬಂದರೆ ಮಾತ್ರ ಕಾರ್ಬೊರೇಟರಿನ ಮೇಲೆ ಅನುಮಾನ ಪಡಿ.

ಪಂಪೋ ಟ್ಯಾಂಕೋ ಅಂತ ತಿಳಿಯಲು ಸುಲಭ ಉಪಾಯ ಇದೆ. ಪಂಪಿಗೆ ಒಳಬರುವ ಪೈಪನ್ನು ಬಿಚ್ಚಿ, ಒಂದು ಗಜ ಹೊಸ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಶುದ್ಧ ಪೆಟ್ರೋಲ್ ಇರುವ ಕ್ಯಾನಿನಲ್ಲಿ ಮುಳುಗಿಸಿ ಮತ್ತೆ ಸೆಲ್ಫ್ ಹೊಡೆಯಿರಿ. ಈಗ ಧಾರೆ ಚೆನ್ನಾಗಿ ಬಂತಾ? ಪಂಪು ಪಾಸು. ತಪ್ಪೆಲ್ಲ ಹಿಂದಿನದ್ದು. ಈಗಲೂ ಬರದಿದ್ದರೆ ಪಂಪೇ ಸೋತಿದೆ.

ಹಿಂದಿನದ್ದು ಅಂದಾಗ ಎಲ್ಲಕ್ಕಿಂತ ಮೊದಲು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ಗಾಳಿ ಬರಬೇಕು. ಗಾಳಿಯ ದಾರಿ ಮುಚ್ಚಿಹೋಗಿದ್ದರೆ ಒಳಗೆ ನಿರ್ವಾತ ಆಗಿ ಪಂಪಿಗೆ ಎಳೆಯಲು ಆಗುವುದಿಲ್ಲ. ಗಾಡಿ ನಿಂತಾಗ ಮುಚ್ಚಳ ತೆಗೆಯಿರಿ, ಉಸ್ಸ್ ಅಂತ ಗಾಳಿ ಒಳಗೆ ನುಗ್ಗಿ ಆಮೇಲೆ ಗಾಡಿ ಸ್ಟಾರ್ಟ್ ಆದರೆ ರೋಗ ಸಿಕ್ಕಿತು. ಯಾವುದೋ ಬೇರೆ ಗಾಡಿಯ ಮುಚ್ಚಳ ಹಾಕಿಕೊಂಡವರಲ್ಲಿ ಇದು ಜಾಸ್ತಿ.

ಆಮೇಲೆ ರಬ್ಬರ್ ಪೈಪು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಟ್ಯಾಂಕಿನಿಂದ ಪಂಪಿನವರೆಗೆ ಇರುವುದು ಎಳೆಯುವ ಕಡೆ. ಅಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ, ವಾಸನೆಯೂ ಇಲ್ಲ, ಆದರೆ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ. ಕ್ಲಿಪ್ಪು ಸಡಿಲ ಇದ್ದರೂ ಇದೇ ಕಥೆ. ಈಗಂತೂ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಇ20. ಎಥನಾಲನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಮಾಡಿದ ಹಳೆಯ ರಬ್ಬರು ಅದರಲ್ಲಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಳಗಿನಿಂದ ಪುಡಿ ಪುಡಿ ಉದುರುತ್ತದೆ. ಫಿಲ್ಟರಿನಲ್ಲಿ ಕಪ್ಪು ಚೂರು ಕಂಡರೆ ಪೈಪು, ಕಂದು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ನನ್ನನ್ನು ಕೇಳಿದರೆ ಈ ಗಾಡಿಗೆ ಮಾಡುವ ಮೊದಲ ಖರ್ಚೇ ಎಸ್‌ಎಇ ಜೆ30 ಆರ್9 ಅಂತ ಮುದ್ರೆ ಇರುವ, ಎಥನಾಲ್ ತಡೆಯುವ ಪೈಪು ಆಗಿರಬೇಕು. ಇಡೀ ಗಾಡಿಗೆ ಬೇಕಾಗುವುದು ಸ್ವಲ್ಪವೇ, ಅದರಲ್ಲಿ ಜಿಪುಣತನ ಬೇಡ. ಇನ್ನೊಂದು, ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೆರೆತ ಪದರ ಕೂತಿರಬಹುದು. ಅದನ್ನು ಹೊರಗೆ ತೆಗೆದೇ ಹೊಸ ಪೆಟ್ರೋಲ್ ಹಾಕಿ.

ಲೋಹದ ಪೈಪು ಕಟ್ಟಿದೆಯಾ ನೋಡಲು ಪಂಪಿನ ಕಡೆ ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆಗೆದು, ಸೈಕಲ್ ಪಂಪಿನಿಂದ ಹಿಂದಕ್ಕೆ ಗಾಳಿ ಹೊಡೆಯಿರಿ. ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬರಬೇಕು. ಗಾಳಿ ಹೊಡೆದ ಮೇಲೆ ಗಾಡಿ ಚೆನ್ನಾಗಿ ಓಡಿ, ಕೆಲವು ಕಿಲೋಮೀಟರ್ ಆದ ಮೇಲೆ ಮತ್ತೆ ನಿಂತರೆ ಟ್ಯಾಂಕಿನೊಳಗಿನ ಕಸ ವಾಪಸ್ ಬಂದು ಬಾಯಿ ಮುಚ್ಚುತ್ತಿದೆ. ಟ್ಯಾಂಕ್ ಇಳಿಸಿ ತೊಳೆಯದೆ ಬೇರೆ ದಾರಿ ಇಲ್ಲ. ಖಾಲಿ ಟ್ಯಾಂಕ್ ಅಂತ ವೆಲ್ಡಿಂಗಿಗೆ ಕೊಡಬೇಡಿ, ಒಳಗಿನ ಆವಿ ಸಾಕು ಸ್ಫೋಟಕ್ಕೆ.

ಪಂಪು ಹಾಳಾಗಿದ್ದರೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್‌ಗೆ ಪೆಟ್ರೋಲ್ ವಾಸನೆ ಬಂದಿದೆ, ಲೆವೆಲ್ ಏರಿದೆ ಅಂದರೆ ಹೆಚ್ಚಾಗಿ ಡಯಾಫ್ರಾಮ್ (ಪಂಪಿನೊಳಗೆ ಮೇಲೆ ಕೆಳಗೆ ಆಡುವ ತೆಳು ಪದರ) ಹರಿದು ಪೆಟ್ರೋಲ್ ಇಂಜಿನ್ನಿಗೆ ಇಳಿಯುತ್ತಿದೆ. ಅಂಥ ಗಾಡಿಯನ್ನು ಓಡಿಸಲೇಬೇಡಿ, ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಪಂಪು ಸರಿಮಾಡಿ ಆಯಿಲ್ ಬದಲಿಸಿ. ಪಂಪು ಕೂರಿಸುವಾಗ ಅದರ ಹಿಂದಿನ ಸ್ಪೇಸರ್, ಗ್ಯಾಸ್ಕೆಟ್ ಮೊದಲಿದ್ದಷ್ಟೇ ದಪ್ಪ ಇರಲಿ. ಸುಮ್ನೆ ಎರಡು ಗ್ಯಾಸ್ಕೆಟ್ ಜಾಸ್ತಿ ಹಾಕಿದರೆ ಪಂಪಿನ ಹೊಡೆತ ಕಡಿಮೆಯಾಗಿ ಹೊಸ ಪಂಪೂ ಸೋಮಾರಿ ಆಗುತ್ತದೆ. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟ ಮೇಲೆ ಬಿಡಿಭಾಗ ಕೇಳುವವರೂ ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಎಲ್ಲೋ ಒಳ್ಳೆಯ ಡಯಾಫ್ರಾಮ್ ಕಿಟ್ ಕಣ್ಣಿಗೆ ಬಿದ್ದರೆ ಎರಡು ತೆಗೆದಿಡಿ. ಎಥನಾಲ್ ತಡೆಯುತ್ತದಾ ಅಂತ ಕೇಳಿಯೇ ತೆಗೆದುಕೊಳ್ಳಿ.

ಎಲೆಕ್ಟ್ರಿಕ್ ಪಂಪು ಹಾಕಿಬಿಡೋಣ ಅನ್ನುವವರಿಗೆ: ಹಾಕಬಹುದು, ಆದರೆ ಕಾರ್ಬೊರೇಟರಿಗೆಂದೇ ಮಾಡಿದ ಕಡಿಮೆ ಒತ್ತಡದ್ದು ಮಾತ್ರ, ಸುಮಾರು 2ರಿಂದ 4 ಪಿಎಸ್‌ಐ. ಇಂಜೆಕ್ಷನ್ ಗಾಡಿಯ ಪಂಪಿನ ಒತ್ತಡ ಅದರ ಹತ್ತು ಪಟ್ಟು. ಕಾರ್ಬೊರೇಟರಿಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ಪಾಪದ ನೀಡಲ್ ವಾಲ್ವ್ ಅದನ್ನು ತಡೆಯಲಾರದೆ ಪೆಟ್ರೋಲ್ ಉಕ್ಕಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಇಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುವ ಕಟ್‌ಆಫ್ ಸ್ವಿಚ್ ಇಲ್ಲದೆ ಎಲೆಕ್ಟ್ರಿಕ್ ಪಂಪು ಬೇಡವೇ ಬೇಡ.

ಘಾಟಿಯಲ್ಲಿ ಮಾತ್ರ ನಿಲ್ಲುತ್ತದೆ, ಬೇರೆಲ್ಲ ಸರಿ ಅಂದರೆ ವೇಪರ್ ಲಾಕ್ ಇರಬಹುದು. ಏಪ್ರಿಲ್ ಬಿಸಿಲಿನಲ್ಲಿ ಶಿರಾಡಿಯೋ ಚಾರ್ಮಾಡಿಯೋ ಎರಡನೇ ಗೇರಿನಲ್ಲಿ ಹತ್ತುವಾಗ ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತದೆ, ಪಂಪು ಆವಿಯನ್ನು ಎಳೆಯಲಾರದು. ಹಳೆಯ ಡ್ರೈವರುಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕೇ, ಅದು ಇವತ್ತಿಗೂ ಕೆಲಸ ಮಾಡುತ್ತದೆ. ಕಾಯಂ ಪರಿಹಾರ ಬೇಕಿದ್ದರೆ ಪೈಪನ್ನೂ ಫಿಲ್ಟರನ್ನೂ ಎಗ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಸರಿಸಿ.

ಇಷ್ಟೂ ಸರಿಯಿದ್ದರೆ ಈಗ ಕಾರ್ಬೊರೇಟರ್. ಮೊದಲು ಪೆಟ್ರೋಲ್ ಒಳಬರುವ ಜಾಗದ ಜಾಲರಿ ಮತ್ತು ನೀಡಲ್ ವಾಲ್ವ್. ಬಹಳ ದಿನ ನಿಂತ ಗಾಡಿಯಲ್ಲಿ ನೀಡಲ್ ಅಂಟಿಕೊಂಡಿರುತ್ತದೆ. ಐಡ್ಲಿಂಗ್ ನಿಲ್ಲದೆ, ಆಕ್ಸಿಲರೇಟರ್ ಕೊಟ್ಟರೆ ಮಾತ್ರ ಓಡಿದರೆ ಪೈಲಟ್ ಜೆಟ್ಟು ನೋಡಿ (ಜೆಟ್ಟು ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ). ಐಡ್ಲಿಂಗ್ ಚೆನ್ನಾಗಿದ್ದು ಎಳೆಯುವಾಗ ಸೋತರೆ ಮೇನ್ ಜೆಟ್ಟು. ಜೆಟ್ಟಿನೊಳಗೆ ತಂತಿ ಹಾಕಬೇಡಿ, ಅದರ ತೂತಿನ ಅಳತೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗದ ಲೆಕ್ಕದ್ದು, ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ಕಾರ್ಬೊರೇಟರ್ ಉಕ್ಕುತ್ತಿದ್ದರೆ ಒಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ ಅಂತ, ಹೊಸದು ಹಾಕಿ. ಎಲ್ಲ ಜೋಡಿಸಿದ ಮೇಲೆ ಏರ್ ಕ್ಲೀನರ್ ಹಾಕುವ ಮುಂಚೆ ಇಂಜಿನ್ ಐದು ನಿಮಿಷ ಓಡಿಸಿ, ಟಾರ್ಚ್ ಹಿಡಿದು ಪ್ರತಿ ಕ್ಲಿಪ್ಪನ್ನೂ ನೋಡಿ, ಎಲ್ಲೂ ಹನಿ ಇಲ್ಲ ಅಂತ ಖಾತ್ರಿಯಾದ ಮೇಲೆ ಬಾನೆಟ್ ಮುಚ್ಚಿ.