ಹವಾಮಾನ ಬದಲಾವಣೆ ಸುಳ್ಳು ಅನ್ನುವವರ ಜೊತೆ ಮಾತಾಡುವುದು ಹೇಗೆ: ಕೆಲಸದ ಮಾತಿನಿಂದ ಶುರು ಮಾಡಿ

"ಅದೆಲ್ಲ ಸುಳ್ಳು, ಭೂಮಿ ಹಿಂದೆಯೂ ಎಷ್ಟೋ ಸಲ ಬಿಸಿಯಾಗಿತ್ತು" ಅಂತ ಯಾರಾದರೂ ಅಂದ ತಕ್ಷಣ ವಾದಕ್ಕೆ ಇಳಿಯಬೇಡಿ. ಹಿಂದೆ ಬಿಸಿಯಾಗಿದ್ದು ನಿಜ ತಾನೇ? ಅದನ್ನು ಒಪ್ಪಿಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಅನುಮಾನ ವಿಜ್ಞಾನದ ಮೇಲಾ, ಅಥವಾ ಇದರ ಹೆಸರಲ್ಲಿ ನಮ್ಮ ಹೊಟ್ಟೆಪಾಡಿಗೆ ಕುತ್ತು ಬರುತ್ತೆ ಅನ್ನೋ ಭಯನಾ? ನಾನು ಮಾತಾಡಿಸಿದವರಲ್ಲಿ ಎರಡನೆಯದೇ ಜಾಸ್ತಿ.

ವಿಜ್ಞಾನ ಅಂದರೆ, ಒಂದೆರಡು ವಿಷಯ ಮಾತ್ರ ಹೇಳಿ, ಆದರೆ ಸರಿಯಾಗಿ ಹೇಳಿ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡ್ ಶಾಖವನ್ನು ಹೀರಿಕೊಳ್ಳುತ್ತದೆ ಅಂತ ವಿಜ್ಞಾನಿ ಜಾನ್ ಟಿಂಡಾಲ್ 1859ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. "ಎಲ್ಲಾ ಸೂರ್ಯನ ಆಟ" ಅಂತಾರಾ? ಸೂರ್ಯನ ಕಾವೇ ಹೆಚ್ಚಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಆಗಿರುವುದು ಬೇರೆ: ನಾವಿರುವ ಕೆಳಗಿನ ಪದರ ಬಿಸಿಯಾಗುತ್ತಿದೆ, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಇಷ್ಟು ಹೇಳಿ ಬಿಟ್ಟುಬಿಡಿ. ಅಲ್ಲೇ ಒಪ್ಪಿಸಲೇಬೇಕು ಅಂತ ಹಟ ಹಿಡಿದರೆ ಅವರೂ ಹಟ ಹಿಡಿಯುತ್ತಾರೆ.

ಈಗ ಕೆಲಸದ ಮಾತಿಗೆ ಬನ್ನಿ. ಪರಿಸರಕ್ಕೆ ಒಳ್ಳೆಯದಾಗುವ ಕೆಲಸಗಳಿಗೆ ಹೇಳುವ "ಹಸಿರು ಉದ್ಯೋಗ" ಅನ್ನೋ ಪದವನ್ನೇ ಬಳಸಬೇಡಿ, ಅದು ಭಾಷಣದ ಹಾಗೆ ಕೇಳಿಸುತ್ತದೆ. ಒಂದು ಕೆಲಸವನ್ನು ಹತ್ತಿರದಿಂದ ತೋರಿಸಿ. ಸೋಲಾರ್ ಪ್ಯಾನೆಲ್ ಕೂರಿಸುವವರನ್ನೇ ತಗೊಳ್ಳಿ. ಎರಡು ವೈರ್ ಸೇರಿಸುವ ಕನೆಕ್ಟರ್ ಟಕ್ ಅಂತ ಸದ್ದು ಮಾಡಿ ಕೂರುವವರೆಗೂ ಅವರು ಒತ್ತುತ್ತಾರೆ, ಆಮೇಲೆ ಎಳೆದು ನೋಡುತ್ತಾರೆ. ಅದು ಸಡಿಲ ಉಳಿದರೆ ಕಾದು ಕಾದು ಬೆಂಕಿಯೇ ಹತ್ತಬಹುದು. ನನ್ನ ಸ್ನೇಹಿತರೊಬ್ಬರು ಎಲೆಕ್ಟ್ರಿಷಿಯನ್, ಹವಾಮಾನದ ಮಾತೆತ್ತಿದರೆ ಇವತ್ತಿಗೂ ತಲೆ ಅಲ್ಲಾಡಿಸುತ್ತಾರೆ, ಆದರೆ ಈ ಕನೆಕ್ಟರ್ ಬಗ್ಗೆ ಕೇಳಿದರೆ ಅರ್ಧ ಗಂಟೆ ಬಿಡದೆ ಹೇಳುತ್ತಾರೆ, ಯಾಕಂದರೆ ಅದು ಅವರ ಕೈಯ ಕೆಲಸ. ಹವಾಮಾನ ನಂಬದವರಿಗೂ ಒಳ್ಳೆಯ ಕೆಲಸದ ಬೆಲೆ ಗೊತ್ತಿರುತ್ತದೆ. ನಿಮ್ಮ ಮಾತಿಗೆ ದಾರಿ ತೆರೆಯುವುದು ಅಲ್ಲೇ.

ಅಂಕಿ ಬೇಕು ಅಂದರೆ ಒಂದು ಸಾಕು. ನವೀಕರಿಸಬಹುದಾದ ಇಂಧನದ ಅಂತರರಾಷ್ಟ್ರೀಯ ಸಂಸ್ಥೆ ಐರೀನಾ ಲೆಕ್ಕದಲ್ಲಿ 2023ರಲ್ಲಿ ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 62 ಲಕ್ಷ ಜನರಿಗೆ ಕೆಲಸ ಇತ್ತು. ಸೋಲಾರ್‌ನದ್ದೇ ದೊಡ್ಡ ಪಾಲು.

ಮುಚ್ಚಿಡಬಾರದ ಮಾತೂ ಇದೆ. ಕಲ್ಲಿದ್ದಲು ಗಣಿ ಮುಚ್ಚಿದರೆ ಅಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಅದೇ ಊರಲ್ಲಿ, ಅದೇ ಸಂಬಳಕ್ಕೆ ಹೊಸ ಕೆಲಸ ತಾನಾಗಿ ಸಿಗುವುದಿಲ್ಲ. ವಿಂಡ್‌ಮಿಲ್ ನಿಲ್ಲಿಸುವಾಗ ನೂರಾರು ಜನ ಬೇಕು, ನಿಂತ ಮೇಲೆ ನೋಡಿಕೊಳ್ಳಲು ಕೆಲವರೇ ಸಾಕು. ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೇ ಕಾರ್ಮಿಕರಿಗೆ ಅನ್ಯಾಯವಾಗದ ಹಾಗೆ ಬದಲಾಗಬೇಕು ಅಂತಿದೆ, ಆದರೆ ಬರೆದದ್ದು ಬೇರೆ, ಆಗುವುದು ಬೇರೆ. ಈ ಭಯವನ್ನು ಸುಮ್ನೆ ತಳ್ಳಿಹಾಕಿದರೆ ಅವರು ನಿಮ್ಮ ವಿಜ್ಞಾನವನ್ನೂ ತಳ್ಳಿಹಾಕುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಮಾತು ಚೆನ್ನಾಗಿ ಹೋಗಿ, "ಹಾಗಾದ್ರೆ ನನ್ನ ಮಗನಿಗೆ ಇದನ್ನ ಕಲಿಸಬಹುದಾ?" ಅಂತ ಕೇಳಿದರೆ ಸುಮ್ನೆ ಹೂಂ ಅನ್ನಬೇಡಿ. ಅವರ ಜೊತೆ ಕೂತು ತರಬೇತಿ ಕೊಡುವವರಿಗೆ ಫೋನ್ ಮಾಡಿ. ಕೈಯಾರೆ ಕೆಲಸ ಮಾಡಿಸುತ್ತಾರಾ, ಬರೀ ಪಾಠನಾ? ಎತ್ತರದಲ್ಲಿ ಸೇಫ್ಟಿ ಬೆಲ್ಟ್ ಹಾಕಿ ಕೆಲಸ ಮಾಡುವುದು, ಅರ್ಥಿಂಗ್ ಕೊಡುವುದು ಕಲಿಸುತ್ತಾರಾ? ಹೋದ ವರ್ಷ ಕಲಿತು ಹೋದ ಇಬ್ಬರ ಜೊತೆ ಮಾತಾಡಿಸುತ್ತಾರಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ವಿಚಾರಿಸಿ.