ಫಾಲ್ಸ್ ಸೀಲಿಂಗ್ ಮೇಲೂ ಸ್ಪ್ರಿಂಕ್ಲರ್ ಬೇಕೇ? ನವೀಕರಣಕ್ಕೆ ಮುನ್ನ ಪರಿಶೀಲಿಸುವ ಬಗೆ

ಕಟ್ಟಡವನ್ನು ನವೀಕರಿಸುವಾಗ ಫಾಲ್ಸ್ ಸೀಲಿಂಗ್ ಹಾಕಿದರೆ, ಅದಕ್ಕೂ ಮೂಲ ಛಾವಣಿಗೂ ನಡುವೆ ಕಣ್ಣಿಗೆ ಬೀಳದ ಜಾಗವೊಂದು ಉಳಿಯುತ್ತದೆ. ಅಲ್ಲಿ ಹೊತ್ತಿದ ಬೆಂಕಿಯ ಶಾಖ ಕೆಳಗಿನ ಸ್ಪ್ರಿಂಕ್ಲರ್‌ಗೆ (ಶಾಖ ತಗುಲಿದಾಗ ತಾನಾಗಿ ತೆರೆದು ನೀರು ಚಿಮ್ಮಿಸುವ ಸಾಧನ) ತಟ್ಟುವ ಹೊತ್ತಿಗೆ ಬೆಂಕಿ ಬಹುದೂರ ಹಬ್ಬಿರಬಹುದಾದ್ದರಿಂದ, ಆ ಜಾಗಕ್ಕೂ ರಕ್ಷಣೆ ಬೇಕೇ ಎಂಬುದನ್ನು ನಕ್ಷೆಯ ಹಂತದಲ್ಲಿಯೇ ನಿರ್ಧರಿಸಬೇಕು.

ಮೊದಲು ಹಳೆಯ ಸೀಲಿಂಗ್‌ನ ಹಲವು ಕಡೆ ಹಲಗೆ ತೆಗೆದು ಒಳಗೆ ಏನಿದೆಯೆಂದು ನೋಡಿ. ಅಮೆರಿಕದ ಎನ್‌ಎಫ್‌ಪಿಎ 13 ಮಾನದಂಡವು ಕಾಂಕ್ರೀಟ್, ಉಕ್ಕು ಮುಂತಾದ ಉರಿಯದ ಸಾಮಗ್ರಿಯಿಂದಾದ, ಉರಿಯುವ ವಸ್ತುಗಳು ಅತ್ಯಲ್ಪವಾಗಿರುವ ಮುಚ್ಚಿದ ಜಾಗಕ್ಕೆ ಸಾಮಾನ್ಯವಾಗಿ ಸ್ಪ್ರಿಂಕ್ಲರ್ ಕೇಳುವುದಿಲ್ಲ. ಮರದ ತೊಲೆಗಳಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೇಳುತ್ತದೆ. ಯುರೋಪಿನ ಇಎನ್ 12845 ಮಾನದಂಡವು ಆ ಜಾಗದ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅದು 0.8 ಮೀಟರ್ ಮೀರಿದರೆ ರಕ್ಷಣೆ ಬೇಕೆನ್ನುತ್ತದೆ. ಹೀಗಾಗಿ ನಿಮ್ಮ ಕಟ್ಟಡಕ್ಕೆ ಅನ್ವಯಿಸುವ ಸಂಹಿತೆ ಯಾವುದೆಂದು ಅಗ್ನಿಶಾಮಕ ಇಲಾಖೆಯಿಂದ ತಿಳಿದುಕೊಳ್ಳದೆ ಮುಂದುವರಿಯಬಾರದು. ಹಿಂದಿನವರು ಬಿಟ್ಟುಹೋದ ಕೇಬಲ್ ರಾಶಿ ಕೂಡ ಉರಿಯುವ ಹೊರೆಯೇ. ಅದನ್ನು ಕಿತ್ತುಹಾಕುವ ಕೆಲಸವನ್ನು ಗುತ್ತಿಗೆಯ ಷರತ್ತಿನಲ್ಲಿಯೇ ಸೇರಿಸುವುದು ಒಳ್ಳೆಯದು, ಇಲ್ಲವಾದರೆ ಯಾರೂ ಅದನ್ನು ಮುಟ್ಟುವುದಿಲ್ಲ.

ಮುಂದಿನದು ಸ್ಪ್ರಿಂಕ್ಲರ್‌ಗಳ ಸ್ಥಾನ. ಅಡೆತಡೆಯಿಲ್ಲದ ಸಮತಟ್ಟಾದ ಛಾವಣಿಯಡಿ, ನೀರನ್ನು ಚದುರಿಸುವ ತಟ್ಟೆ ಸಾಮಾನ್ಯ ಸ್ಪ್ರಿಂಕ್ಲರ್‌ಗಳಲ್ಲಿ ಛಾವಣಿಯಿಂದ ಸುಮಾರು 25ರಿಂದ 300 ಮಿಲಿಮೀಟರ್ ಕೆಳಗಿರಬೇಕೆಂಬುದು ಎನ್‌ಎಫ್‌ಪಿಎ 13ರ ನಿಯಮ. ಸೀಲಿಂಗ್ ಕಿತ್ತುಹಾಕಿ ಹಳೆಯ ಸ್ಪ್ರಿಂಕ್ಲರ್‌ಗಳನ್ನು ಅಲ್ಲಿಯೇ ತೂಗುಬಿಟ್ಟರೆ, ಬಿಸಿಗಾಳಿ ಅವುಗಳನ್ನು ದಾಟಿ ಮೇಲಿನ ಸ್ಲ್ಯಾಬ್‌ನಡಿ ಸೇರಿಕೊಳ್ಳುವುದರಿಂದ ಅವು ತಡವಾಗಿ ತೆರೆದುಕೊಳ್ಳುತ್ತವೆ. ಇದಕ್ಕೆ ವಿರುದ್ಧವಾಗಿ, ಇರುವ ಸ್ಪ್ರಿಂಕ್ಲರ್‌ಗಳ ಕೆಳಗೆ ಹೊಸ ಸೀಲಿಂಗ್ ಕೂರಿಸಿದರೆ ಕೋಣೆಗೆ ನೀರೇ ತಲುಪದು. ಹೊಸ ಗೋಡೆ ಎದ್ದಲ್ಲೆಲ್ಲ ನೀರು ಹರಡುವ ವ್ಯಾಪ್ತಿಯನ್ನು ಮತ್ತೆ ಲೆಕ್ಕಹಾಕಬೇಕು.

ಬಿಚ್ಚಿದ ಸ್ಪ್ರಿಂಕ್ಲರನ್ನು ಮರಳಿ ಹಾಕುವ ಉಳಿತಾಯ ಬೇಡ. ಬಣ್ಣ ಬಿದ್ದದ್ದನ್ನು ಒರೆಸಿ ಉಳಿಸಿಕೊಳ್ಳದೆ ಬದಲಾಯಿಸಬೇಕು.

ಕೆಲಸಕ್ಕಾಗಿ ವಾಲ್ವ್ ಮುಚ್ಚುವ ಮುನ್ನ ಕಟ್ಟಡದ ಹೊಣೆ ಹೊತ್ತವರಿಗೂ ಅಗ್ನಿಶಾಮಕ ಇಲಾಖೆಗೂ ತಿಳಿಸಿ. ಇಂಥ ವ್ಯವಸ್ಥೆಗಳ ತಪಾಸಣೆ ಮತ್ತು ನಿರ್ವಹಣೆಗಿರುವ ಅಮೆರಿಕದ ಎನ್‌ಎಫ್‌ಪಿಎ 25 ಮಾನದಂಡದ ಪ್ರಕಾರ, 24 ಗಂಟೆಗಳಲ್ಲಿ 10 ಗಂಟೆಗೂ ಹೆಚ್ಚು ಕಾಲ ವ್ಯವಸ್ಥೆ ಸ್ಥಗಿತಗೊಂಡರೆ ಜನರನ್ನು ತೆರವುಗೊಳಿಸುವುದು, ಕಾವಲು ನಿಯೋಜಿಸುವುದು ಅಥವಾ ತಾತ್ಕಾಲಿಕ ನೀರು ಒದಗಿಸುವುದರಂಥ ಪರ್ಯಾಯಗಳಲ್ಲಿ ಒಂದನ್ನಾದರೂ ಕೈಗೊಳ್ಳಬೇಕು.

ಪೈಪ್ ಜೋಡಣೆ ಮುಗಿದ ಮೇಲೆ ಒತ್ತಡ ಪರೀಕ್ಷೆ ನಡೆಸಬೇಕು. ಹೊಸ ವ್ಯವಸ್ಥೆಗೆ ಸಾಮಾನ್ಯವಾಗಿ 13.8 ಬಾರ್ ಒತ್ತಡದಲ್ಲಿ 2 ಗಂಟೆಯ ಪರೀಕ್ಷೆಯಿದೆ. ಚಿಕ್ಕ ಬದಲಾವಣೆಗಳಿಗೆ ರಿಯಾಯಿತಿಯುಂಟು. ಪರೀಕ್ಷೆ ಮುಗಿದು, ಪೈಪ್‌ಗಳ ಹೊಸ ನಕ್ಷೆ ಕೈಸೇರಿದ ಬಳಿಕವೇ ಸೀಲಿಂಗ್ ಮುಚ್ಚಲು ಒಪ್ಪಿಗೆ ಕೊಡಿ.